ನೃಪತುಂಗ ಬೆಟ್ಟಕ್ಕೆ ಸ್ಟಾರ್ ಕೊಡೋದಾದ್ರೆ ಏಪ್ರಿಲ್‌ನಲ್ಲಿ ಕೊಡಿ

ನಮ್ಮ ಪರಿಚಯದವರು ಯಾರೇ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಫೋಟೋ ಹಾಕಲಿ, ಅದು ಆಗಸ್ಟ್‌ನದೇ ಆಗಿರುತ್ತದೆ. ಮೊಣಕಾಲುದ್ದ ಹಸಿರು ಹುಲ್ಲು, ಮೋಡ, ಅರ್ಧ ಮಂಜಿನಲ್ಲಿ ಮುಚ್ಚಿದ ಊರು. ಜೊತೆಗೆ ಐದು ಸ್ಟಾರ್. ಆಗಸ್ಟ್‌ನಲ್ಲಿ ಚೆನ್ನಾಗಿ ಕಾಣದ ಜಾಗ ನಮ್ಮ ಕಡೆ ಯಾವುದಿದೆ ಹೇಳಿ? ನಮ್ಮ ಓಣಿಯ ಗಟಾರದ ಅಂಚೂ ಆಗ ಹಸಿರಾಗಿಯೇ ಇರುತ್ತದೆ. ಅದಕ್ಕೇ ನಾನು ಏಪ್ರಿಲ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ಹುಲ್ಲು ಒಣಗಿ ತವಡಿನ ಬಣ್ಣಕ್ಕೆ ಬಂದಿದೆ. ಹತ್ತು ಗಂಟೆಯ ಮೇಲೆ ಕಲ್ಲಿನ ಮೇಲೆ ಕೂರಲು ಆಗುವುದಿಲ್ಲ. ಈಗಲೂ ಈ ಬೆಟ್ಟಕ್ಕೆ ನಾನು ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಹಿಡಿದಿಟ್ಟುಕೊಂಡೆ ಅಂತ ಆಮೇಲೆ ಹೇಳುತ್ತೇನೆ.

ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ರಿಟೈರ್ ಆಗಿ ಆರು ವರ್ಷ ಆಯಿತು. ಶುಗರ್ ಬಂತು, ಡಾಕ್ಟರು ನಡೆಯಿರಿ ಅಂದರು, ನಡೆಯೋಕೆ ಶುರು ಮಾಡಿದೆ. ಉದ್ದ ಅಳೆಯೋಕೆ ನನ್ನ ಹತ್ತಿರ ಇರುವುದು ಒಂದೇ ಅಳತೆ, ಹುಬ್ಬಳ್ಳಿ ಸ್ಟೇಷನ್ನಿನ ದೊಡ್ಡ ಪ್ಲಾಟ್‌ಫಾರ್ಮ್. 1507 ಮೀಟರ್. 2023ರ ಮಾರ್ಚ್‌ನಲ್ಲಿ ಅದರ ಉದ್ಘಾಟನೆ ಆದಾಗಿಂದ ಜಗತ್ತಿನಲ್ಲೇ ಉದ್ದದ್ದು ನಮ್ಮದು ಅಂತ ಬೀಗುತ್ತೇವೆ. ಬೆಟ್ಟದ ಬುಡದಲ್ಲಿ ಸ್ಕೂಟರ್ ನಿಲ್ಲಿಸಿ, ಹತ್ತಿ, ಮೇಲೆ ಎರಡು ಸುತ್ತು ಹಾಕಿ ಇಳಿದರೆ ನನಗೆ ದಿನಕ್ಕೆ ಎರಡು ಪ್ಲಾಟ್‌ಫಾರ್ಮ್ ಆಗುತ್ತದೆ. ಮೊದಲ ವಾರ ಅರ್ಧ ಪ್ಲಾಟ್‌ಫಾರ್ಮ್‌ಗೇ ಎದೆ ಡಬಡಬ ಅನ್ನುತ್ತಿತ್ತು.

ನಡೆಯೋಕೆ ಮಾತ್ರ ಬರುವವರಿಗೆ ಮೊದಲು ಹೇಳಿಬಿಡುತ್ತೇನೆ. ಬೆಳಿಗ್ಗೆ ಆರರಿಂದ ಏಳೂವರೆ ಒಳ್ಳೆಯ ಹೊತ್ತು. ಉಣಕಲ್ ಕೆರೆಯ ದಂಡೆ ಸಪಾಟು, ಇಲ್ಲಿ ಏರು. ಮೊಣಕಾಲು ನೋವಿದ್ದವರಿಗೆ ಹತ್ತುವುದು ಕಷ್ಟವಲ್ಲ, ಇಳಿಯುವುದು ಕಷ್ಟ. ಸಣ್ಣ ಹರಳು ಇರುವ ಕಡೆ ಚಪ್ಪಲಿ ಜಾರುತ್ತದೆ, ಶೂ ಹಾಕಿಕೊಂಡೇ ಬನ್ನಿ. ಮೇಲೆ ನಿಂತರೆ ವಿಮಾನ ನಿಲ್ದಾಣದ ಕಡೆಯಿಂದ ಹಿಡಿದು ಅಮರಗೋಳದವರೆಗೆ ಊರು ಹಾಸಿಕೊಂಡು ಬಿದ್ದಿರುತ್ತದೆ. ರಾಷ್ಟ್ರಕೂಟರ ದೊರೆಯ ಹೆಸರು ಇಟ್ಟಿರುವುದಕ್ಕೆ ಅಷ್ಟು ನೋಟ ಬೇಕಾದದ್ದೇ. ನಾನು ಮಾತ್ರ ದಿನಾ ಮೊದಲು ವರ್ಕ್‌ಶಾಪ್ ಎತ್ತ ಅಂತ ಹುಡುಕುತ್ತೇನೆ. ಮೂವತ್ತು ವರ್ಷದ ಚಾಳಿ, ಹೋಗುವುದಿಲ್ಲ.

ಮಧ್ಯಾಹ್ನ ಬರಬೇಡಿ. ಬೇಸಿಗೆಯಲ್ಲಿ ಎಲ್ಲ ಕಡೆ ನೆರಳು ಸಿಗುವುದಿಲ್ಲ. ಮಕ್ಕಳಿದ್ದರೆ ಸಂಜೆ ಸರಿ. ನನ್ನ ಮೊಮ್ಮಗನಿಗೆ ಬೆಟ್ಟ ಅಂದರೆ ಕೆಳಗೆ ಇಳಿದ ಮೇಲೆ ತಿನ್ನುವ ಗಿರ್ಮಿಟ್ಟು. ಜೊತೆಗೆ ಮಿರ್ಚಿ. ನನ್ನ ಶುಗರಿನ ಲೆಕ್ಕ ಅಲ್ಲಿಗೆ ಮುಗಿಯಿತು.

ಇನ್ನು ನನಗೆ ನಿಜವಾಗಿ ಹೇಳಬೇಕಾದದ್ದು. ಮೂರು ವರ್ಷದ ಹಿಂದೆ ನಡೆಯುವವರಲ್ಲೇ ಏಳೆಂಟು ಮಂದಿ ಸೇರಿ, ಕಾವಲಿನವರನ್ನು ಕೇಳಿ, ಒಂದು ಇಳಿಜಾರಿನಲ್ಲಿ ಗಿಡ ಹಚ್ಚೋಕೆ ಶುರು ಮಾಡಿದೆವು. ನಮಗೆ ಹೆಸರಿಲ್ಲ, ಬ್ಯಾನರ್ ಇಲ್ಲ. ಒಬ್ಬರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿ ರಿಟೈರ್ ಆದ ಅಕ್ಕಾರು. ಒಬ್ಬ ಕಿರಾಣಿ ಅಂಗಡಿಯವ. ಒಬ್ಬರು ಎಲ್‌ಐಸಿ ಏಜೆಂಟ್, ಗುದ್ದಲಿ ಹಿಡಿದಾಗಲೂ ಪಾಲಿಸಿ ಮಾತಾಡುತ್ತಾರೆ. ನವಲಗುಂದ ಕಡೆಯ ಕಪ್ಪು ಎರಿ ಭೂಮಿಯಲ್ಲಿ ತೆಗ್ಗು ತೋಡಿದವರಿಗೆ ಇಲ್ಲಿನ ಗರಸು, ಅಂದರೆ ಹರಳು ತುಂಬಿದ ಗಟ್ಟಿ ನೆಲ, ಗೊತ್ತಾಗುವುದಿಲ್ಲ. ಹಾರಿಯಿಂದ ಕುಕ್ಕಿ ಕುಕ್ಕಿ ಒಂದೂವರೆ ಅಡಿ ತೆಗ್ಗು ಮಾಡೋಕೆ ಒಬ್ಬನಿಗೆ ಒಂದು ತಾಸು. ಕೈಯಲ್ಲಿ ಬೊಕ್ಕೆ. ಅಕ್ಕಾರು ಮೊದಲ ದಿನವೇ ಹೇಳಿದ್ದರು: "ತೆಗ್ಗು ತೋಡೂದು ಒಂದಿನದ ಕೆಲಸ ರೀ. ನೀರ ಹಾಕೂದು ಎರಡು ಬ್ಯಾಸಿಗಿ ಕೆಲಸ. ಎರಡು ಬ್ಯಾಸಿಗಿ ಬರ್ತೀರೇನು, ಈಗಽ ಹೇಳ್ರಿ."

ಎರಡನೇ ಬೇಸಿಗೆಗೆ ಮೂರು ಮಂದಿ ಕಡಿಮೆಯಾದರು. ಪರವಾಗಿಲ್ಲ, ಬೇರೆ ಇಬ್ಬರು ಬಂದರು.

ಕಳೆದ ಜೂನ್‌ನಲ್ಲಿ ಒಂದು ಕಂಪನಿಯವರು ಎರಡು ಬಸ್ಸಿನಲ್ಲಿ ಬಂದರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್. ಯಾರೋ ತೋಡಿಟ್ಟ ತೆಗ್ಗಿನಲ್ಲಿ ನಲವತ್ತು ಸಸಿ ಇಟ್ಟರು, ಫೋಟೋ ತೆಗೆಸಿಕೊಂಡರು, ಶಿರಾ ಉಪ್ಪಿಟ್ಟು ತಿಂದು ಹೋದರು. ಹುಡುಗರು ಒಳ್ಳೆಯವರೇ, ನಮಗೂ ತಟ್ಟೆ ಕೊಟ್ಟರು. ಹದಿನೈದು ದಿನ ಆದ ಮೇಲೆ ಒಂದು ಸಸಿ ಯಾಕೋ ಬಾಡಿದೆ ಅಂತ ಮಣ್ಣು ಸರಿಸಿ ನೋಡಿದೆ. ನರ್ಸರಿಯ ಕರಿ ಪ್ಲಾಸ್ಟಿಕ್ ಚೀಲ ಹಾಗೇ ಇದೆ! ಚೀಲ ಹರಿಯದೆ ಇಡೀ ಸಸಿಯನ್ನು ತೆಗ್ಗಿಗೆ ಇಳಿಸಿದ್ದಾರೆ. ಎಂಟು ಇಂಚು ಅಗಲ, ಹನ್ನೆರಡು ಇಂಚು ಉದ್ದದ ಚೀಲದಲ್ಲಿ ಬೇರು ಸುತ್ತು ಹಾಕಿ ಹಾಕಿ ಸಿಂಬಿ ಆಗಿಬಿಟ್ಟಿತ್ತು. ಅವತ್ತು ಸಂಜೆ ನಾವು ನಲವತ್ತನ್ನೂ ಕಿತ್ತು, ಬ್ಲೇಡಿನಿಂದ ಚೀಲ ಸೀಳಿ, ಮತ್ತೆ ನೆಟ್ಟೆವು. ಹನ್ನೆರಡು ಸಸಿಗೆ ಚೀಲ ಇರಲಿಲ್ಲ, ಅಂದರೆ ಅಷ್ಟು ಮಂದಿಗಾದರೂ ಯಾರೋ ಹೇಳಿಕೊಟ್ಟಿದ್ದರು.

ಇನ್ನೊಂದು ವಿಷಯ ಫಿಟ್ಟರ್ ಆದವನಿಗೆ ತಡೆಯಲಾಗಲಿಲ್ಲ. ಪ್ರತಿ ಸಸಿಗೂ ಹೆಸರು ಬರೆದ ತಗಡಿನ ಬೋರ್ಡು. ಅದನ್ನು ಕಟ್ಟಿದ್ದು ಜಿ.ಐ. ತಂತಿಯಿಂದ (ಸತು ಲೇಪಿಸಿದ ಕಬ್ಬಿಣದ ತಂತಿ), ಕಾಂಡಕ್ಕೇ, ಬಿಗಿಯಾಗಿ. ಗಿಡ ದಪ್ಪ ಆದಂತೆ ತಂತಿ ತೊಗಟೆ ಕೊಯ್ದು ಒಳಗೆ ಇಳಿಯುತ್ತದೆ. ಕಟಿಂಗ್ ಪ್ಲೇಯರ್ ತಂದು ಒಂದೊಂದೇ ಕತ್ತರಿಸಿದೆ. ಬೋರ್ಡು ಬಿಸಾಡಲಿಲ್ಲ. ಬಿದಿರು ಕೋಲಿಗೆ ಹಳೇ ಧೋತರದ ಪಟ್ಟಿಯಿಂದ ಕಟ್ಟಿ ಪಕ್ಕಕ್ಕೆ ನಿಲ್ಲಿಸಿದೆ. ದೀಪಾವಳಿ ಹೊತ್ತಿಗೆ ಆ ನಲವತ್ತರಲ್ಲಿ ಹದಿನೇಳು ಉಳಿದಿದ್ದವು. ಬೋರ್ಡು ನಲವತ್ತೂ ಇದ್ದವು.

ಹೀಗೆ ನಮ್ಮ ಇಪ್ಪತ್ತಾರು, ಅವರ ಹದಿನೇಳು, ಒಟ್ಟು ನಲವತ್ಮೂರು ಗಿಡ ನಮ್ಮ ತಲೆ ಮೇಲೆ ಬಂದವು. ವಾರಕ್ಕೆ ಸುಮಾರು 300 ಲೀಟರ್ ನೀರು ಬೇಕು. ನಲ್ಲಿ ನೀರಿಗೆ ದಿನ ಎಣಿಸುವ ಊರಿನವರು ನಾವು. ಗಿಡಕ್ಕೆ ಅಂತ ಕುಡಿಯುವ ನೀರು ತಂದರೆ ಮನೆಯಲ್ಲಿ ಯಾರೂ ಒಳಗೆ ಬಿಡುವುದಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಮಷೀನು ಹೊರಗೆ ಬಿಡುವ ನೀರು, ಎಲ್ಲ 20 ಲೀಟರಿನ ಡಬ್ಬಿಗೆ. ಆರ್‌ಓ ನೀರಿನಲ್ಲಿ ಉಪ್ಪು ಜಾಸ್ತಿ. ಅದನ್ನೇ ಬಿಟ್ಟೂ ಬಿಡದೆ ಹಾಕಿದರೆ ಎಲೆ ಅಂಚು ಸುಡುತ್ತದೆ ಅಂತ ಅಕ್ಕಾರು ಹೇಳಿದ್ದಕ್ಕೆ ಬೇರೆ ನೀರಿನ ಜೊತೆ ಬೆರೆಸುತ್ತೇವೆ. ಡಬ್ಬಿ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕೂರುತ್ತದೆ. ನನ್ನ ಕಾಲು ಎಲ್ಲಿ ಇಡುತ್ತೇನೆ ಅಂತ ಮಾತ್ರ ಕೇಳಬೇಡಿ.

ಬುಡದವರೆಗೆ ಸ್ಕೂಟರ್ ತರುತ್ತದೆ. ಅಲ್ಲಿಂದ ಮೇಲೆ? ಅರವತ್ತು ದಾಟಿದವರು 20 ಲೀಟರ್ ಹೊತ್ತು ಏರು ಹತ್ತುವುದು ಅಂದರೆ ಡಾಕ್ಟರು ಇನ್ನೊಂದು ಚೀಟಿ ಬರೆಯುತ್ತಾರೆ.

ಇಲ್ಲಿಗೆ ಬೆಳಿಗ್ಗೆ ಓಡೋಕೆ ಬರುವ ಹುಡುಗರಿದ್ದಾರೆ. ಧಾರವಾಡದ ಕೋಚಿಂಗ್ ಸೆಂಟರಿನಲ್ಲಿ ಓದುವವರು, ರಜೆಗೆ ಊರಿಗೆ ಬಂದವರು, ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕು ಅನ್ನುವವರು. ಅವರ ಓಟದ ಪರೀಕ್ಷೆ 1600 ಮೀಟರ್, 6 ನಿಮಿಷ 30 ಸೆಕೆಂಡಿನೊಳಗೆ. ಪ್ಲಾಟ್‌ಫಾರ್ಮ್‌ಗಿಂತ 93 ಮೀಟರ್ ಜಾಸ್ತಿ ಅಷ್ಟೇ. ಫೆಬ್ರವರಿಯಲ್ಲಿ ಒಂದು ದಿನ ನಾನು ಡಬ್ಬಿ ಇಳಿಸಿ ಏದುಸಿರು ಬಿಡುತ್ತಾ ಕೂತಿದ್ದೆ. ಒಬ್ಬ ಹುಡುಗ ಓಡುವುದು ನಿಲ್ಲಿಸಿ ಬಂದ.

"ಕಾಕಾ, ಇದನ್ನ ದಿನಾ ಒಯ್ತೀರೇನ್ರಿ?"

"ವಾರಕ್ಕ ಮೂರು ಸಲ."

"ನಾವು ಮ್ಯಾಲ ಹೊಂಟೇವಿ, ಕೊಡ್ರಿ."

ಕೊಟ್ಟೆ. ಒಂದೇ ಕೈಯಲ್ಲಿ ಹಿಡಿದು ಓಡಿದ, ಅರ್ಧ ನೀರು ದಾರಿಗೆ ಚೆಲ್ಲಿದ. ದಾರಿ ಅವತ್ತು ತಂಪಾಗಿತ್ತು. ಮರುದಿನ ನಾನು ಹಳೇ ಒಂದು ಇಂಚಿನ ಪೈಪಿಗೆ ಎರಡು ಕೊಕ್ಕೆ ವೆಲ್ಡ್ ಮಾಡಿಸಿ, ಭುಜಕ್ಕೆ ಚುಚ್ಚಬಾರದು ಅಂತ ಸೈಕಲ್ ಟ್ಯೂಬ್ ಸುತ್ತಿ ತಂದೆ. ಇಬ್ಬರು ಹುಡುಗರು, ನಡುವೆ ಎರಡು ಡಬ್ಬಿ. ಈಗ ಅವರೇ ಪಾಳಿ ಹಾಕಿಕೊಂಡಿದ್ದಾರೆ. ಕಾಲಿನ ಬಲಕ್ಕೆ ಇದಕ್ಕಿಂತ ಒಳ್ಳೆಯ ಕಸರತ್ತು ಇಲ್ಲ ಅಂತ ಅವರಲ್ಲೇ ಒಬ್ಬ ಇನ್ನೊಬ್ಬನಿಗೆ ಹೇಳುವುದನ್ನು ಕೇಳಿಸಿಕೊಂಡೆ. ಒಬ್ಬ ಸಮಯ ನೋಡುತ್ತಾನೆ. ಚೆಲ್ಲಿದರೆ ಹತ್ತು ಸೆಕೆಂಡ್ ದಂಡ. ಬೆಟ್ಟದಲ್ಲಿ ಮಜಾ ಏನಿದೆ ಅಂತ ಕೇಳುವವರಿಗೆ ಇದನ್ನು ತೋರಿಸುತ್ತೇನೆ.

ನೀರು ಹಾಕುವ ವಿಧಾನಕ್ಕೂ ಬೇರೆ ಬೇರೆ ಸ್ಟಾರ್ ಕೊಡಬಹುದು. ಮೊದಲು ನೀರಿನ ಬಾಟಲಿಗೆ ಒಂದು ಮಿಲಿಮೀಟರ್ ಡ್ರಿಲ್ ಬಿಟ್ಟಿನಿಂದ ತೂತು ಹಾಕಿ ತಲೆಕೆಳಗೆ ಕಟ್ಟಿದೆವು. ಎರಡು ಸ್ಟಾರ್. ತೂತಿಗೆ ಧೂಳು ಸಿಕ್ಕಿಕೊಳ್ಳುತ್ತದೆ, ಬಿಸಿಲಿಗೆ ಬಾಟಲಿ ಒಡೆದು ಪ್ಲಾಸ್ಟಿಕ್ ಚೂರು ನಾವೇ ಹಾಕಿದಂತೆ ಆಯಿತು. ಬಕೆಟ್ಟಿನಿಂದ ಸುರಿದರೆ ಗರಸಿನ ಮೇಲೆ ಅರ್ಧ ಹರಿದು ಹೋಗುತ್ತದೆ. ಆಮೇಲೆ ಕುಂಬಾರರ ಹತ್ತಿರ ಹೊಳಪು ಹಚ್ಚದ ಸಣ್ಣ ಮಡಕೆ ತಂದು ಬುಡದ ಪಕ್ಕ ಕತ್ತಿನವರೆಗೆ ಹೂತೆವು. ಮಡಕೆ ತುಂಬಿಸಿ ಮೇಲೆ ಚಪ್ಪಟೆ ಕಲ್ಲು ಮುಚ್ಚಿದರೆ ಮುಗಿಯಿತು. ಮಣ್ಣು ಒಣಗಿದಂತೆ ಮಡಕೆ ತಾನೇ ಜಿನುಗುತ್ತದೆ, ಬೇರು ಅದನ್ನೇ ಹುಡುಕಿಕೊಂಡು ಬರುತ್ತದೆ. ಐದು ಸ್ಟಾರ್. ಸುತ್ತ ಒಣ ಎಲೆ ನಾಲ್ಕು ಬೆರಳು ದಪ್ಪ ಹಾಸಿದರೆ ಇನ್ನೂ ಎರಡು ದಿನ ತಂಪು ಉಳಿಯುತ್ತದೆ. ಒಂದೇ ತೊಂದರೆ: ಯಾರೋ ಮಡಕೆಯ ಒಳಗೆ ಚಿಪ್ಸ್ ಪಾಕೀಟು ತುರುಕಿ ಹೋಗುತ್ತಾರೆ. ಕಲ್ಲು ಎತ್ತಿ, ತುರುಕಿ, ಮತ್ತೆ ಕಲ್ಲು ಮುಚ್ಚಿ! ಅಷ್ಟು ಶ್ರಮಕ್ಕೆ ಮನೆಗೇ ಒಯ್ಯಬಹುದಿತ್ತು, ಅಲ್ವಾ?

ಮಳೆಗಾಲದ ಕೆಲಸ ಬೇರೆ. ಆಗ ಶತ್ರು ಬಿಸಿಲಲ್ಲ, ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ ಕಳೆ. ಹೂ ಬಿಡುವ ಮೊದಲೇ, ನೆಲ ಹಸಿ ಇದ್ದಾಗ, ಬೇರು ಸಮೇತ ಕೀಳಬೇಕು. ಪೂರ್ತಿ ತೋಳಿನ ಅಂಗಿ, ಕೈಗವಸು ಬೇಕೇ ಬೇಕು. ಸುಮ್ನೆ ಕೈ ಹಾಕಿ ನಾನು ವಾರವಿಡೀ ತುರಿಸಿಕೊಂಡಿದ್ದೇನೆ. ಕಸದ ಮೇಲೆ ಹಳದಿ ಮೈ, ಕಪ್ಪು ಗೀರಿನ ಒಂದು ಸಣ್ಣ ದುಂಬಿ ಇರುತ್ತದೆ. ನಾನು ಅದನ್ನು ಹೊಸಕೋಕೆ ಹೋದಾಗ ಅಕ್ಕಾರು ಕೈ ಹಿಡಿದರು. ಅದು ಮೆಕ್ಸಿಕೋದ ಹುಳ. ಈ ಕಸವನ್ನೇ ತಿನ್ನಲಿ ಅಂತ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು. ನಮ್ಮ ತಂಡದ ಸದಸ್ಯ ಅಂತ ಲೆಕ್ಕ ಹಿಡಿಯಿರಿ ಅಂದರು. ಕೀಳುವಾಗ ಈಗ ಅವನ್ನು ಪಕ್ಕದ ಗಿಡಕ್ಕೆ ಜಾಡಿಸಿ ಬಿಡುತ್ತೇನೆ.

ಮಗಳು ಪುಣೆಯಲ್ಲಿದ್ದಾಳೆ. ಹೋದ ವರ್ಷ ನನ್ನನ್ನು ವಾರ್ಜೆಯ ನಗರ ವನಕ್ಕೆ ಕರೆದುಕೊಂಡು ಹೋಗಿದ್ದಳು. 2020ರಲ್ಲಿ ಕೇಂದ್ರ ಸರ್ಕಾರ ನಗರ ವನ ಯೋಜನೆ ತಂದಾಗ ಮಾದರಿ ಅಂತ ತೋರಿಸಿದ್ದು ಅದನ್ನೇ. ಅದೂ ಬೋಳು ಗುಡ್ಡವೇ ಆಗಿತ್ತಂತೆ. ಅವಳು ಪಕ್ಷಿ ತೋರಿಸುತ್ತಿದ್ದಳು, ನಾನು ನೀರಿನ ಪೈಪು ಎಲ್ಲಿ ಅಂತ ಹುಡುಕುತ್ತಿದ್ದೆ. "ಅಪ್ಪಾ, ನೀವು ಎಲ್ಲಿ ಹೋದರೂ ಡ್ಯೂಟಿ ಮ್ಯಾಲೇ ಇರ್ತೀರಿ" ಅಂದಳು.

ಇವತ್ತಿನ ಲೆಕ್ಕ: ನಲವತ್ಮೂರರಲ್ಲಿ ಮೂವತ್ತೆಂಟು ಬದುಕಿವೆ. ಬೇವು ಒಂದೂ ಸತ್ತಿಲ್ಲ. ಹುಲಗಲ, ಅಂದರೆ ಹೊಂಗೆ, ಚಿಗುರಿ ಎಳೆ ಹಸಿರು ಮಿಂಚುತ್ತಿದೆ, ಸುತ್ತಲಿನ ಒಣ ಹುಲ್ಲಿನ ನಡುವೆ ಕಣ್ಣಿಗೆ ಅದೊಂದೇ ಬೀಳುತ್ತದೆ. ಸತ್ತ ಐದರಲ್ಲಿ ಮೂರು ನೇರಳೆ. ಒಂದು ಬಸರಿಯನ್ನು ಮೇಕೆ ತಿಂದಿತು. ಇನ್ನೊಂದು ಮಾರ್ಚ್‌ನಲ್ಲಿ ಹುಲ್ಲಿಗೆ ಬೆಂಕಿ ಬಿದ್ದಾಗ ಹೋಯಿತು. ಯಾರದೋ ಬೀಡಿ. ನಾವು ಜನವರಿಯಲ್ಲೇ ಇಳಿಜಾರಿನ ಸುತ್ತ ಎರಡು ಮೀಟರ್ ಅಗಲ ಹುಲ್ಲು ಕೆರೆದು ಬೆಂಕಿ ರೇಖೆ ಮಾಡಿದ್ದಕ್ಕೆ ಅಷ್ಟರಲ್ಲೇ ನಿಂತಿತು. ಒಂದು ಮೂಲೆ ಮಾತ್ರ ನಾಳೆ ಮಾಡೋಣ ಅಂತ ಬಿಟ್ಟಿದ್ದೆವು. ಬಿಟ್ಟವನು ನಾನೇ. ಹಿಡಿದಿಟ್ಟುಕೊಂಡ ಆ ಒಂದು ಸ್ಟಾರ್ ಬೆಟ್ಟದ್ದಲ್ಲ, ನಮ್ಮದು.

ಮಳೆ ಬರೋಕೆ ಇನ್ನೂ ಆರೇಳು ವಾರ ಇದೆ. ಜೂನ್‌ನಲ್ಲಿ ಸಸಿ ಹಿಡಿದು ಬರುವವರು ದಯವಿಟ್ಟು ಈಗೊಮ್ಮೆ ಬಂದು ನೋಡಿ. ಮಂಗಳವಾರ, ಗುರುವಾರ, ಭಾನುವಾರ, ಬೆಳಿಗ್ಗೆ ಆರೂಕಾಲಿಗೆ ಬುಡದಲ್ಲಿ ಇರುತ್ತೇವೆ. ಟ್ಯೂಬ್ ಸುತ್ತಿದ ಪೈಪು ನೋಡಿದರೆ ಗುರುತು ಸಿಗುತ್ತದೆ. ಡಬ್ಬಿ ಮಾತ್ರ ನಿಮ್ಮದೇ ತನ್ನಿ. ನಮ್ಮ ಹತ್ತಿರ ಇರುವುದು ಆರೇ, ಅದರಲ್ಲೂ ಒಂದು ಸೋರುತ್ತದೆ.