ಫೋಟೊ ಮೇಲೆ ಕ್ಲಿಯರ್ ಅಕ್ರಿಲಿಕ್ ಸ್ಪ್ರೇ: ರಾಯಚೂರಿನ ಬಿಸಿಲಿಗೆ ತಡೆಯುತ್ತದೆಯೇ?

ಐದಕ್ಕೆ ಮೂರೂವರೆ ಅಂಕ. ಮರದ ಹಲಗೆ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಗಡಿಯಾರ, ತಗಡಿನ ಡಬ್ಬಿಗೆ ಅಂಟಿಸುವ ಫೋಟೊಗಳಿಗೆ ಪಾರದರ್ಶಕ ಪೊರೆ ಕಟ್ಟುವ 400 ಎಂಎಲ್‌ನ ಈ ಗ್ಲಾಸಿ ಸ್ಪ್ರೇ ಬಹಳ ಕಾಲದಿಂದ ಬಳಕೆಯಲ್ಲಿದೆ. ಡಬ್ಬಿ ಮೇಲೆ ‘ವಾಟರ್‌ಪ್ರೂಫ್’ ಅಂತ ಬರೆದಿರುತ್ತದೆ, ಅದನ್ನು ಪೂರ್ತಿ ನಂಬಬೇಡಿ. ಒದ್ದೆ ಕೈ, ನೀರಿನ ಹನಿ, ಒರೆಸುವ ಬಟ್ಟೆ, ಇಷ್ಟಕ್ಕೆ ಧಾರಾಳ ಸಾಕು. ನೀರಲ್ಲಿ ನೆನೆಯುವ ವಸ್ತುವಿಗೆ ಆಗದು.

ಮೊದಲು ಪ್ರಿಂಟ್ ಯಾವುದೆಂದು ನೋಡಿ. ಮೂಲೆಯಲ್ಲಿ ಒದ್ದೆ ಬೆರಳು ಒತ್ತಿದಾಗ ಬಣ್ಣ ಹತ್ತಿದರೆ ಡೈ ಇಂಕಿನ, ಅಂದರೆ ನೀರಿಗೆ ಕರಗುವ ಶಾಯಿಯ ಇಂಕ್‌ಜೆಟ್. ಇದರ ಮೇಲೆ ಫೆವಿಕಾಲ್‌ನಂಥ ನೀರಿನ ಅಂಟು ನೇರವಾಗಿ ಬಳಿದರೆ ಬಣ್ಣ ಕದಡುತ್ತದೆ. ಹಾಗಾಗಿ ಮುಂದೆ ಹಿಂದೆ ಎರಡೂ ಕಡೆ ಸ್ಪ್ರೇ ಮಾಡಿ, ಒಣಗಿದ ಮೇಲೆಯೇ ಅಂಟು. ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟ್‌ನಲ್ಲಿ ಈ ತೊಂದರೆಯಿಲ್ಲ, ಅದರ ಪುಡಿ ಶಾಯಿ (ಟೋನರ್) ನೀರಿಗೆ ಕರಗದು; ಕಾಗದ ಮಾತ್ರ ನೀರು ಕುಡಿದು ಉಬ್ಬುತ್ತದೆ. ಫೋಟೊ ಮೇಲೆ ಬಾಲ್‌ಪೆನ್ ಅಥವಾ ಪರ್ಮನೆಂಟ್ ಮಾರ್ಕರ್‌ನ ಸಹಿ ಇದ್ದರೆ ಎಚ್ಚರ, ಸ್ಪ್ರೇಯ ಥಿನ್ನರ್‌ಗೆ ಅದು ಹರಡುತ್ತದೆ.

ಡಬ್ಬಿಯೊಳಗಿನ ಗೋಲಿ ಸದ್ದು ಮಾಡಲು ಶುರುವಾದ ಮೇಲೂ ಒಂದು ನಿಮಿಷ ಅಲುಗಾಡಿಸಿ. 25–30 ಸೆಂ.ಮೀ. ದೂರದಿಂದ, ಫೋಟೊದ ಒಂದು ಅಂಚಿನ ಹೊರಗೆ ಶುರು ಮಾಡಿ ಇನ್ನೊಂದು ಅಂಚಿನ ಹೊರಗೆ ಮುಗಿಸಿ. ತೆಳುವಾಗಿ ಮೂರು ಕೋಟ್, ನಡುವೆ 15–20 ನಿಮಿಷ. ಒಂದೇ ಸಲ ದಪ್ಪಗೆ ಹೊಡೆದರೆ ಕಾಗದ ಸುರುಳಿ ಸುತ್ತುತ್ತದೆ, ಸ್ಪ್ರೇ ಇಳಿದು ಗೆರೆ ಬೀಳುತ್ತದೆ.

ನಮ್ಮ ಕಡೆ ನಿಜವಾದ ಪರೀಕ್ಷೆ ಹವೆಯದ್ದು. ಏಪ್ರಿಲ್–ಮೇ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಹನಿಗಳು ಗಾಳಿಯಲ್ಲೇ ಒಣಗಿ ಫೋಟೊ ಮೇಲೆ ರವೆ ಉದುರಿಸಿದಂತೆ ಬೀಳುತ್ತವೆ. ಮುಟ್ಟಿದರೆ ಒರಟು, ಬಣ್ಣವೂ ಮಂಕು. ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಮಳೆಗಾಲದಲ್ಲಿ ಉಲ್ಟಾ: ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಕೂತು ಹಾಲುಬಿಳುಪಿನ ಪೊರೆ ಕಟ್ಟುತ್ತದೆ. ಒಣ ಹವೆಯ ದಿನ ಇನ್ನೊಂದು ತೆಳು ಕೋಟ್ ಕೊಟ್ಟರೆ ಬಹುಪಾಲು ಮಾಯವಾಗುತ್ತದೆ. ಬಳ್ಳಾರಿ ಕಡೆಯ ಕೆಂಪು ಧೂಳಿಗಂತೂ ದೊಡ್ಡ ರಟ್ಟಿನ ಡಬ್ಬ ಅಡ್ಡ ಮಲಗಿಸಿ ಅದರೊಳಗೇ ಹೊಡೆಯಬೇಕು, ಒಣಗುವವರೆಗೆ ಮುಚ್ಚಿಡಬೇಕು.

ಅರ್ಧ ಅಂಕ ಕಡಿದದ್ದು ಸೆಕೆಗೆ. ಒಣಗಿದ ಅಕ್ರಿಲಿಕ್ ಕೂಡ ಬಿಸಿಗೆ ಮೆತ್ತಗಾಗುತ್ತದೆ. ಒಂದರ ಮೇಲೊಂದು ಪೇರಿಸಿಟ್ಟ ಫೋಟೊಗಳು ಬೇಸಿಗೆಯಲ್ಲಿ ಮುಖಕ್ಕೆ ಮುಖ ಅಂಟಿ, ಬಿಡಿಸುವಾಗ ಬಣ್ಣವೇ ಕಿತ್ತು ಬರುತ್ತದೆ. ನಡುವೆ ಬಟರ್ ಪೇಪರ್ ಇಡಿ, ಮೇಲೆ ಭಾರ ಬೇಡ.

ಇನ್ನೊಂದು ಅಂಕ ಅಂಚಿಗೆ. ನೀರು ನುಗ್ಗುವುದು ಫೋಟೊದ ಮುಖದಿಂದಲ್ಲ, ಕತ್ತರಿಸಿದ ಬದಿಯಿಂದ. ಸ್ಪ್ರೇ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಸಣ್ಣ ಬ್ರಷ್‌ನಲ್ಲಿ ಕ್ಲಿಯರ್ ವಾರ್ನಿಷ್ ಎರಡು ಸಲ ಬದಿಗೇ ಬಳಿಯಿರಿ. ಎಂಡಿಎಫ್ ಆದರೆ ಹಲಗೆಯ ಬದಿಗೂ ಸೇರಿಸಿ. ಗಟ್ಟಿ ರಕ್ಷಣೆ ಬೇಕಿದ್ದರೆ ಸ್ಪ್ರೇ ಒಣಗಿದ ಫೋಟೊ ಮೇಲೆ ಎಪಾಕ್ಸಿ ರೆಸಿನ್ (ಸುರಿದ ಮೇಲೆ ಗಾಜಿನಂತೆ ಗಟ್ಟಿಯಾಗುವ ದ್ರವ) ಸುರಿಯಬಹುದು, ಆದರೆ ಸ್ಪ್ರೇ ತಪ್ಪಿದ ಜಾಗದಲ್ಲಿ ರೆಸಿನ್ ಕಾಗದಕ್ಕೆ ಇಳಿದು ಎಣ್ಣೆಯ ಕಲೆಯಂತೆ ಕಪ್ಪಾಗುತ್ತದೆ.

ಕೆಲಸ ಮುಗಿದ ಮೇಲೆ ಡಬ್ಬಿ ತಲೆಕೆಳಗು ಹಿಡಿದು ಬರೀ ಗ್ಯಾಸ್ ಬರುವವರೆಗೆ ಒತ್ತಿ, ಇಲ್ಲದಿದ್ದರೆ ನಾಝಲ್ ಕಟ್ಟಿಕೊಳ್ಳುತ್ತದೆ. ಒಲೆ, ದೀಪದ ಹತ್ತಿರ ಬೇಡವೇ ಬೇಡ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲೂ ಬಿಡಬೇಡಿ, 50 ಡಿಗ್ರಿಯ ಮಿತಿ ಡಬ್ಬಿ ಮೇಲೆಯೇ ಇರುತ್ತದೆ.