ಕ್ವಿಸನೇರ್ ಕಡ್ಡಿಗಳು: ನಾಲ್ಕು ತಿಂಗಳು ಬಳಸಿದ ಮೇಲೆ ನನ್ನ ಅನುಭವ

ನಮ್ಮ ಅಕ್ಕನ ಮಗಳು ಈಗ ಐದನೇ ಕ್ಲಾಸು. ಲೆಕ್ಕದ ಪುಸ್ತಕ ತೆಗೆದರೆ ಸಾಕು, ಪೆನ್ಸಿಲ್ ಹಿಡಿದು ನನ್ನ ಮುಖ ನೋಡುತ್ತಾ ಕೂರುತ್ತಿದ್ದಳು. ಒಂದು ಅಂಕಿ ಬರೆಯುವುದು, ತಲೆ ಎತ್ತುವುದು, ನಾನು ಸ್ವಲ್ಪ ಸುಮ್ಮನಿದ್ದರೂ ತಪ್ಪಾಯಿತೇನೋ ಅಂತ ರಬ್ಬರ್ ತೆಗೆದು ಅಳಿಸಿಬಿಡುವುದು. ಸರಿ ಇದ್ದ ಉತ್ತರವನ್ನೂ ಹೀಗೆ ಎಷ್ಟೋ ಸಲ ಅಳಿಸಿದ್ದಾಳೆ. ಮಗ್ಗಿ ಎಲ್ಲ ಬಾಯಿಪಾಠ. ಆದರೂ "ಚಿಕ್ಕಮ್ಮ, ನಂಗೆ ಲೆಕ್ಕ ಬರಲ್ಲ" ಅನ್ನುವುದು ಮಾತ್ರ ಬಿಟ್ಟಿರಲಿಲ್ಲ. ಇನ್ನಷ್ಟು ವರ್ಕ್‌ಬುಕ್ ತಂದರೆ ಇನ್ನಷ್ಟು ಹೆದರುತ್ತಾಳೆ ಅನ್ನಿಸಿ, ನಾಲ್ಕು ತಿಂಗಳ ಹಿಂದೆ ಈ ಬಣ್ಣದ ಕಡ್ಡಿಗಳ ಪೆಟ್ಟಿಗೆ ತರಿಸಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇವು ಹತ್ತು ಅಳತೆಯ ಕಡ್ಡಿಗಳು. ಬಿಳಿಯದು 1 ಸೆಂ.ಮೀ., ಕೆಂಪು 2, ತಿಳಿ ಹಸಿರು 3, ನೇರಳೆ 4, ಹಳದಿ 5, ಕಡು ಹಸಿರು 6, ಕಪ್ಪು 7, ಕಂದು 8, ನೀಲಿ 9, ಕಿತ್ತಳೆ 10. ಬೆಲ್ಜಿಯಂ ದೇಶದ ಜಾರ್ಜ್ ಕ್ವಿಸನೇರ್ ಅನ್ನುವ ಮೇಷ್ಟ್ರು ತಮ್ಮ ಶಾಲೆಯ ಮಕ್ಕಳಿಗೆ ಅಂತ ಮಾಡಿದ್ದು, 1952ರಲ್ಲಿ ಇದರ ಬಗ್ಗೆ ಪುಸ್ತಕವನ್ನೂ ತಂದರು. ಬಣ್ಣಗಳನ್ನು ಅವರು ಸುಮ್ನೆ ಆರಿಸಿಲ್ಲ. 2, 4, 8 ಕೆಂಪಿನ ಬಳಗ. 3, 6, 9 ಹಸಿರು-ನೀಲಿಯ ಬಳಗ. 5, 10 ಹಳದಿಯ ಬಳಗ. 7 ಮಾತ್ರ ಕಪ್ಪಗೆ ಒಂಟಿ, ಯಾಕೆಂದರೆ ಹತ್ತರೊಳಗೆ ಏಳರ ಮಗ್ಗಿಯಲ್ಲಿ ಬೇರೆ ಸಂಖ್ಯೆ ಇಲ್ಲ, ಒಂದರ ಮಗ್ಗಿ ಬಿಟ್ಟರೆ ಏಳು ಬೇರೆ ಯಾವ ಮಗ್ಗಿಯಲ್ಲೂ ಬರುವುದಿಲ್ಲ.

ಕಡ್ಡಿಗಳ ಮೇಲೆ ಅಂಕಿ ಇಲ್ಲ, ಗೆರೆಯೂ ಇಲ್ಲ. ಮೊದಲು ನೋಡಿದಾಗ ಇದೇನಪ್ಪಾ ಅನ್ನಿಸಿತ್ತು. ಇದರ ಜೀವ ಇರುವುದೇ ಅಲ್ಲಿ ಅಂತ ಆಮೇಲೆ ತಿಳಿಯಿತು. ಅಂಕಿ ಇಲ್ಲದ್ದರಿಂದ ಯಾವ ಕಡ್ಡಿಯನ್ನು ಬೇಕಾದರೂ 'ಒಂದು' ಅಂತ ಇಟ್ಟುಕೊಳ್ಳಬಹುದು. ಭಿನ್ನರಾಶಿ ಶುರುವಾಗುವುದು ಅಲ್ಲಿಂದಲೇ ಅಲ್ವಾ?

ಒಂದು ಸಂಜೆಯ ವಿಷಯ ಹೇಳಲೇಬೇಕು. ಹೋಂವರ್ಕ್‌ನಲ್ಲಿ 1/2 + 1/3 ಇತ್ತು. ಅವಳು ಬರೆದದ್ದು 2/5. ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ ಕೂಡಿಸಿದ್ದಳು, ಬಹಳ ಮಕ್ಕಳು ಮಾಡುವ ತಪ್ಪು ಇದು. ಹಿಂದೆ ಆಗಿದ್ದರೆ ನಾನು "ಹಾಗಲ್ಲ, ಲ.ಸಾ.ಅ. ತೆಗಿ, ಛೇದ ಸಮ ಮಾಡು" ಅನ್ನುತ್ತಿದ್ದೆ, ಅವಳು ಮಾಡುತ್ತಿದ್ದಳು, ಮಾರನೇ ದಿನ ಮತ್ತೆ 2/5. ಅವತ್ತು ಬಾಯಿ ಬಿಡದೆ ಪೆಟ್ಟಿಗೆ ಮುಂದಿಟ್ಟೆ. ಅವಳು ಕಡು ಹಸಿರು ಕಡ್ಡಿಯನ್ನು 'ಒಂದು' ಅಂತ ಇಟ್ಟಳು. ಅದರ ಕೆಳಗೆ ಎರಡು ತಿಳಿ ಹಸಿರು ಸರಿಯಾಗಿ ಕೂತವು. ಹಾಗಾದರೆ ಅದು ಅರ್ಧ. ಮೂರು ಕೆಂಪು ಕೂತವು, ಅದು ಮೂರನೇ ಒಂದು ಭಾಗ. ಒಂದು ತಿಳಿ ಹಸಿರಿನ ಪಕ್ಕ ಒಂದು ಕೆಂಪು ಜೋಡಿಸಿದಳು. ತುದಿಯಲ್ಲಿ ಒಂದು ಬಿಳಿ ಕಡ್ಡಿಯಷ್ಟು ಜಾಗ ಉಳಿಯಿತು. "ಆರರಲ್ಲಿ ಐದು!" ಅಂದಳು. ಆಮೇಲೆ ತಾನು ಬರೆದ 2/5 ನೋಡಿ ಸುಮ್ಮನೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕಿತ್ತಳೆ ಕಡ್ಡಿ ತೆಗೆದು ಅದರ ಕೆಳಗೆ ಎರಡು ಹಳದಿ, ಅದರ ಕೆಳಗೆ ಐದು ಕೆಂಪು ಇಟ್ಟಳು. ಎರಡು ಕೆಂಪು ಸೇರಿದರೂ ಒಂದು ಹಳದಿಯಷ್ಟು ಬರಲಿಲ್ಲ. "ಚಿಕ್ಕಮ್ಮ, 2/5 ಅಂದ್ರೆ ಅರ್ಧಕ್ಕಿಂತ ಕಮ್ಮಿ! ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಕಮ್ಮಿ ಹೇಗಾಗತ್ತೆ?"

ಅಷ್ಟು ಹೊತ್ತೂ ಅವಳು ಒಂದು ಸಲವೂ ನನ್ನ ಮುಖ ನೋಡಲಿಲ್ಲ. ಕಣ್ಣೆಲ್ಲ ಕಡ್ಡಿಗಳ ಮೇಲೆ. ನನಗೆ ಗಂಟಲು ಕಟ್ಟಿ ಬಂತು. ಸರಿಯೋ ತಪ್ಪೋ ಅಂತ ಹೇಳಲು ಪಕ್ಕದಲ್ಲಿ ದೊಡ್ಡವರು ಬೇಕಿಲ್ಲ, ಉದ್ದ ಸರಿ ಹೊಂದಿದರೆ ಸರಿ, ಇಲ್ಲದಿದ್ದರೆ ಇನ್ನೊಂದು ಕಡ್ಡಿ ಇಟ್ಟು ನೋಡಬಹುದು, ಅಳಿಸುವ ಗೊಡವೆಯೇ ಇಲ್ಲ. ಹೆದರಿಕೆ ಇದ್ದಾಗ ಮಕ್ಕಳ ಅರ್ಧ ಗಮನ ಆ ಹೆದರಿಕೆಗೇ ಹೋಗುತ್ತದೆ, ಲೆಕ್ಕ ಮಾಡಲು ತಲೆಯಲ್ಲಿ ಜಾಗವೇ ಉಳಿಯುವುದಿಲ್ಲ. ಅವತ್ತು ಆ ಜಾಗ ಅವಳಿಗೆ ವಾಪಸ್ ಸಿಕ್ಕಿತು.

ಇನ್ನು ಕೊರತೆಗಳು. ನಾನು ತರಿಸಿದ್ದು 74 ಕಡ್ಡಿಗಳ ಸೆಟ್. ಅದರಲ್ಲಿ ಬಿಳಿ 22, ಕೆಂಪು 12, ತಿಳಿ ಹಸಿರು 10, ನೇರಳೆ 6, ಉಳಿದ ಬಣ್ಣಗಳು ನಾಲ್ಕು ನಾಲ್ಕೇ. ವರ್ಗ ಸಂಖ್ಯೆ ತೋರಿಸಲು ಹೋದಾಗ ಇದು ಕೈ ಕೊಡುತ್ತದೆ. ಮೂರು ಮೂರಲೆ ಒಂಬತ್ತು, ನಾಲ್ಕು ನಾಲ್ಕಲೆ ಹದಿನಾರು ಚೌಕ ಆಗುತ್ತದೆ. ಐದು ಐದಲೆ ಇಪ್ಪತ್ತೈದಕ್ಕೆ ಐದು ಹಳದಿ ಬೇಕು, ಇರುವುದು ನಾಲ್ಕು. ನಮ್ಮ ಹುಡುಗಿ ಕೆಂಪು, ತಿಳಿ ಹಸಿರು ಜೋಡಿಸಿ ಐದನೇ ಸಾಲು ಮಾಡಿಕೊಂಡಳು, ಅದು ಬೇರೆ ಮಾತು. ಬಿಳಿ ಕಡ್ಡಿಗಳು ತೀರಾ ಚಿಕ್ಕವು, ನಮ್ಮ ಮನೆಯಲ್ಲಿ ಈಗಾಗಲೇ ಮೂರು ಕಳೆದುಹೋಗಿವೆ. ಚಿಕ್ಕ ಮಗು ಇರುವ ಮನೆಯಲ್ಲಿ ಬಾಯಿಗೆ ಹಾಕಿಕೊಳ್ಳದಂತೆ ಜೋಪಾನ. ಜೊತೆಗೆ ಬಂದ ಪುಟ್ಟ ಪುಸ್ತಕದಿಂದ ಏನೂ ಉಪಯೋಗ ಇಲ್ಲ. ಋಣ ಸಂಖ್ಯೆ, ದೊಡ್ಡ ಗುಣಾಕಾರಗಳಿಗೂ ಇದನ್ನು ನೆಚ್ಚಿಕೊಳ್ಳಬೇಡಿ.

ಕಡ್ಡಿ ಕೊಟ್ಟ ಕೂಡಲೇ ಪಾಠ ಶುರು ಮಾಡಬೇಡಿ, ದಯವಿಟ್ಟು. ಮೊದಲ ವಾರ ಸುಮ್ನೆ ಆಡಲು ಬಿಡಿ. ಮೆಟ್ಟಿಲು ಕಟ್ಟುತ್ತಾರೆ, ಕಡ್ಡಿಗಳನ್ನು ತುದಿಗೆ ತುದಿ ಜೋಡಿಸಿ ರೈಲು ಮಾಡುತ್ತಾರೆ. ಆಮೇಲೆ ಒಂದೇ ಪ್ರಶ್ನೆ ಕೇಳಿ: ನೇರಳೆ ಕಡ್ಡಿಯಷ್ಟು ಉದ್ದದ ರೈಲನ್ನು ಎಷ್ಟು ರೀತಿ ಮಾಡಬಹುದು? ನೇರಳೆ ಕಡ್ಡಿ ಒಂದನ್ನೇ ಇಟ್ಟದ್ದನ್ನೂ, ಕಡ್ಡಿಗಳ ಹಿಂದು ಮುಂದನ್ನೂ ಲೆಕ್ಕಕ್ಕೆ ಹಿಡಿದರೆ ಎಂಟು ಬರುತ್ತದೆ. ಹಳದಿಗೆ ಹದಿನಾರು. ನಮ್ಮವಳು ಹಳದಿಯದ್ದೆಲ್ಲ ಒಂದೊಂದಾಗಿ ಪುಸ್ತಕದಲ್ಲಿ ಬರೆದು, ಕಡು ಹಸಿರಿಗೆ ಮೂವತ್ತೆರಡು ಇರಬೇಕು ಅಂತ ಕಡ್ಡಿ ಮುಟ್ಟದೆಯೇ ಹೇಳಿದಳು. ಪೂರ್ತಿ ಒಂದು ಭಾನುವಾರ ಹಿಡಿಯಿತು, ಊಟಕ್ಕೆ ಕರೆದರೂ ಏಳಲಿಲ್ಲ.

ಕೊಳ್ಳುವುದಾದರೆ 74ಕ್ಕಿಂತ ದೊಡ್ಡ ಸೆಟ್ ನೋಡಿ, ಇಬ್ಬರು ಮಕ್ಕಳಿದ್ದರಂತೂ ಇದು ಸಾಲುವುದೇ ಇಲ್ಲ. ಬೇರೆ ಬಣ್ಣ ಬಳಿದವೂ, ಮೇಲೆ ಗೆರೆ ಎಳೆದವೂ ಸಿಗುತ್ತವೆ. ಗೆರೆ ಇದ್ದರೆ ಮಕ್ಕಳು ಉದ್ದ ನೋಡುವುದು ಬಿಟ್ಟು ಗೆರೆ ಎಣಿಸಲು ಕೂರುತ್ತಾರೆ, ಹಾಗಾಗಿ ಬೋಳು ಕಡ್ಡಿಗಳನ್ನೇ ತೆಗೆದುಕೊಳ್ಳಿ.