ರಾಜಾಜಿನಗರದ ಒಂದು ಜರ್ಮನ್ ತರಗತಿ: ಜರ್ಮನಿಯಲ್ಲಿ ನೆಲೆಸಲು ಹೊರಟ ನರ್ಸ್‌ಗಳಿಗಾಗಿ

ಜರ್ಮನಿಗೆ ಹೋಗಿ ನರ್ಸ್ ಆಗಿ ದುಡಿದು ಅಲ್ಲಿಯೇ ನೆಲೆಸಬೇಕೆಂದು ನಿರ್ಧರಿಸಿದವರು ವೀಸಾಕ್ಕಿಂತ ಮೊದಲು ದಾಟಬೇಕಾದದ್ದು ಭಾಷೆಯನ್ನು. ನರ್ಸಿಂಗ್ ಅಲ್ಲಿ ಕಾನೂನಿನ ನಿಯಂತ್ರಣಕ್ಕೆ ಒಳಪಟ್ಟ ವೃತ್ತಿ. ನಮ್ಮ ಬಿ.ಎಸ್ಸಿ. ಅಥವಾ ಜಿ.ಎನ್.ಎಂ. ಪ್ರಮಾಣಪತ್ರವನ್ನು ಜರ್ಮನಿಯ ಆಯಾ ರಾಜ್ಯದ ಪ್ರಾಧಿಕಾರ ಪರಿಶೀಲಿಸಿ ಮಾನ್ಯ ಮಾಡುವವರೆಗೆ ಪೂರ್ಣ ಅರ್ಹತೆಯ ನರ್ಸ್ ಎಂಬ ಸ್ಥಾನ ದೊರೆಯುವುದಿಲ್ಲ. ಆ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು; ಎ1ರಿಂದ ಸಿ2ರವರೆಗಿನ ಆರು ಮಟ್ಟಗಳಲ್ಲಿ ಇದು ನಾಲ್ಕನೆಯದು. ನಾನು ಎ1ರಿಂದ ಬಿ2ರವರೆಗೆ ಕಲಿತದ್ದು ರಾಜಾಜಿನಗರದ ಮನೆಯೊಂದರ ಮಹಡಿಯಲ್ಲಿ ನಡೆಯುವ ತರಗತಿಯಲ್ಲಿ. ಜಾಹೀರಾತು ಬೇಡವೆಂದು ಅದನ್ನು ನಡೆಸುವ ಮೇಡಂ ಕೇಳಿಕೊಂಡಿರುವುದರಿಂದ ಇಲ್ಲಿ ಹೆಸರು ಬರೆಯುತ್ತಿಲ್ಲ. ಆ ಬಡಾವಣೆಯಲ್ಲಿ ಜರ್ಮನ್ ಕಲಿತ ನರ್ಸ್‌ಗಳನ್ನು ವಿಚಾರಿಸಿದರೆ ದಾರಿ ತಿಳಿಯುತ್ತದೆ.

ಈ ತರಗತಿಯ ದೊಡ್ಡ ಗುಣವೆಂದರೆ ವ್ಯಾಕರಣವನ್ನು ಕನ್ನಡದ ಮೂಲಕ ವಿವರಿಸುವುದು. ಇದು ಕೇವಲ ಅನುಕೂಲದ ಮಾತಲ್ಲ. ಜರ್ಮನ್ ರೋಗಿಯೊಬ್ಬರು ತಲೆ ಸುತ್ತುತ್ತಿದೆ, ವಾಕರಿಕೆ ಬರುತ್ತಿದೆ, ಚಳಿಯಾಗುತ್ತಿದೆ ಎಂದು ಹೇಳುವಾಗ ವಾಕ್ಯ ಶುರುವಾಗುವುದು ‘ಮಿರ್’ ಎಂಬ ಚತುರ್ಥಿ ರೂಪದಿಂದ, ಅಂದರೆ ನಮ್ಮ ‘ನನಗೆ’ಯಿಂದ. ಇಂಗ್ಲಿಷಿನ ಮೂಲಕ ಕಲಿಯುವವರು ಅಲ್ಲಿ ಪ್ರಥಮಾ ವಿಭಕ್ತಿ ಹಾಕಿ ಮತ್ತೆ ಮತ್ತೆ ಎಡವುತ್ತಾರೆ. ‘ನನಗೆ ಚಳಿ’ ಎಂದು ಹುಟ್ಟಿನಿಂದ ಹೇಳಿಕೊಂಡು ಬಂದ ನಮಗೆ ಆ ರಚನೆ ಆಗಲೇ ಗೊತ್ತಿದೆ. ಯಾರಾದರೂ ಅದನ್ನು ತೋರಿಸಿಕೊಡಬೇಕಷ್ಟೆ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುವ ನಿಯಮವೂ ಹಾಗೆಯೇ. ಇಂಗ್ಲಿಷಿನ ಮೂಲಕ ಬಂದವರಿಗೆ ತಲೆನೋವಾಗಿ ಕಾಣುವ ಈ ನಿಯಮ, ಕ್ರಿಯಾಪದವನ್ನು ಸಾಮಾನ್ಯವಾಗಿ ಕೊನೆಯಲ್ಲೇ ಇಡುವ ಕನ್ನಡಿಗರಿಗೆ ಸಹಜವಾದದ್ದು. ನಾವು ಕಷ್ಟಪಟ್ಟು ಅಭ್ಯಾಸ ಮಾಡಬೇಕಾದದ್ದು ಪ್ರಧಾನ ವಾಕ್ಯದಲ್ಲಿ ಕ್ರಿಯಾಪದವನ್ನು ಎರಡನೆಯ ಸ್ಥಾನಕ್ಕೆ ತರುವುದನ್ನು. ಲಿಂಗದ ವಿಷಯದಲ್ಲಿ ಮಾತ್ರ ಕನ್ನಡ ನೆರವಿಗೆ ಬರುವುದಿಲ್ಲ. ನಮ್ಮಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ; ಅಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕಲಿಂಗ. ಇಲ್ಲಿ ಬಾಯಿಪಾಠವಲ್ಲದೆ ಬೇರೆ ದಾರಿಯಿಲ್ಲವೆಂದು ಮೇಡಂ ಮೊದಲೇ ಹೇಳಿಬಿಡುತ್ತಾರೆ.

ಎರಡನೆಯ ಗುಣ, ಸಮಯದ ಬಗ್ಗೆ ಅವರು ತೋರುವ ಪ್ರಾಮಾಣಿಕತೆ. ‘ಆರು ತಿಂಗಳಲ್ಲಿ ಬಿ2’ ಎಂಬ ಫಲಕಗಳು ನಗರದಲ್ಲಿ ಬೇಕಾದಷ್ಟು ಕಾಣುತ್ತವೆ. ಶೂನ್ಯದಿಂದ ಬಿ2 ತಲುಪಲು 45 ನಿಮಿಷಗಳ ಸುಮಾರು 600ರಿಂದ 800 ಪಾಠಗಳು ಬೇಕೆಂಬುದು ಜರ್ಮನ್ ಕಲಿಸುವ, ಪರೀಕ್ಷೆ ನಡೆಸುವ ಗಯಟೆ ಸಂಸ್ಥೆಯ ಅಂದಾಜು. ಪಾಳಿಯಲ್ಲಿ ದುಡಿಯುವವರು ಈ ಲೆಕ್ಕವನ್ನು ತಮ್ಮ ವಾರದ ಬಿಡುವಿಗೆ ಹೊಂದಿಸಿ ನೋಡಿದ ಮೇಲೆಯೇ ಸೇರಬೇಕೆಂದು ಮೇಡಂ ಮೊದಲ ಭೇಟಿಯಲ್ಲಿಯೇ ತಿಳಿಸುತ್ತಾರೆ. ಹೀಗೆ ತಿಳಿಸಿದ್ದರಿಂದ ಸೇರದೆ ಹೋದವರೂ ಇದ್ದಾರೆ, ಅವರಿಗೆ ಹಣ ಉಳಿಯಿತು.

ಬಿ1 ಮುಗಿದ ಮೇಲಿನ ಪಾಠಗಳು ನನಗೆ ಅತ್ಯಂತ ಮೆಚ್ಚುಗೆಯಾದವು. ಪಠ್ಯಪುಸ್ತಕದ ಪ್ರವಾಸ, ಹವಾಮಾನಗಳ ಜೊತೆಗೆ ಪಾಳಿ ಬದಲಾಗುವಾಗ ರೋಗಿಯ ಸ್ಥಿತಿಯನ್ನು ಸಹೋದ್ಯೋಗಿಗೆ ಒಪ್ಪಿಸುವುದು, ನೋವಿನ ತೀವ್ರತೆಯನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ಕೇಳುವುದು, ವೈದ್ಯರು ದೂರವಾಣಿಯಲ್ಲಿ ಹೇಳಿದ ಔಷಧದ ಪ್ರಮಾಣವನ್ನು ಮರಳಿ ಓದಿ ಖಚಿತಪಡಿಸಿಕೊಳ್ಳುವುದು, ಹಾಸಿಗೆ ಹಿಡಿದ ವೃದ್ಧರಿಗೆ ಸ್ನಾನ ಮಾಡಿಸುವಾಗ ಗೌರವ ಕುಂದದಂತೆ ಮಾತನಾಡುವುದು, ಇವೆಲ್ಲವನ್ನೂ ಇಬ್ಬಿಬ್ಬರಾಗಿ ಅಭಿನಯಿಸಿ ಕಲಿಯುತ್ತೇವೆ. ಜರ್ಮನಿಯಲ್ಲಿ ರೋಗಿಯನ್ನು ಸ್ವಚ್ಛಗೊಳಿಸುವ, ಉಣಿಸುವ ಆರೈಕೆಯೂ ನರ್ಸ್‌ನ ಕೆಲಸದ ಭಾಗ. ಇಲ್ಲಿ ಆಯಾಗಳು ಮತ್ತು ರೋಗಿಯ ಮನೆಯವರು ಮಾಡುವ ಕೆಲಸವನ್ನು ಅಲ್ಲಿ ತಾವೇ ಮಾಡಬೇಕೆಂದು ತಿಳಿಯದೆ ಹೋದವರು ಮೊದಲ ತಿಂಗಳಲ್ಲೇ ಕುಗ್ಗಿಹೋಗುವುದುಂಟು. ಈ ವಿಷಯವನ್ನು ವಿಮಾನ ಹತ್ತುವ ಮುನ್ನ ತಿಳಿಸುವ ತರಗತಿಗೆ ನಾನು ಋಣಿ.

ನೆಲೆಸುವ ಪ್ರಶ್ನೆಗೂ ಇಲ್ಲಿ ಒಂದು ಪೂರ್ತಿ ಸಂಜೆ ಮೀಸಲು. 2024ರ ಜೂನ್ 27ರಿಂದ ಜಾರಿಯಾದ ಕಾನೂನಿನಂತೆ ಐದು ವರ್ಷ ವಾಸವಿದ್ದವರು ಜರ್ಮನ್ ಪೌರತ್ವ ಕೇಳಬಹುದು. ಮೂಲ ಪೌರತ್ವ ಬಿಡಬೇಕೆಂದು ಆ ದೇಶ ಈಗ ಒತ್ತಾಯಿಸುವುದಿಲ್ಲ. ಆದರೆ ಭಾರತ ದ್ವಿಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಅಲ್ಲಿಯ ಪೌರತ್ವ ಪಡೆದ ದಿನವೇ ನಮ್ಮದು ಹೋಗುತ್ತದೆ, ಉಳಿಯುವುದು ಒ.ಸಿ.ಐ. (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್, ಅದರಿಂದ ಮತದಾನದ ಹಕ್ಕಾಗಲಿ ಕೃಷಿಭೂಮಿ ಕೊಳ್ಳುವ ಹಕ್ಕಾಗಲಿ ಬರುವುದಿಲ್ಲ. ಊರಿನಲ್ಲಿ ಹೊಲವಿರುವ ಮನೆತನದಿಂದ ಬಂದ ನಮ್ಮಂಥವರು ತಂದೆತಾಯಿಗಳೊಡನೆ ಕುಳಿತು ಇದನ್ನು ಮಾತನಾಡಿಯೇ ಮುಂದುವರಿಯಬೇಕು. ಖಾಯಂ ವಾಸದ ಪರವಾನಗಿಯಲ್ಲೇ ನಿಲ್ಲುವವರಿಗೆ ಈ ತೊಡಕಿಲ್ಲ.

ಕೊರತೆಗಳೂ ಇವೆ. ಗಯಟೆ ಸಂಸ್ಥೆಯ ಬಿ2 ಪರೀಕ್ಷೆಯ ಓದು, ಆಲಿಸುವಿಕೆ, ಬರವಣಿಗೆ, ಮಾತು ಎಂಬ ನಾಲ್ಕು ಭಾಗಗಳಲ್ಲಿ ಪ್ರತಿಯೊಂದಕ್ಕೂ ನೂರಕ್ಕೆ 60 ಅಂಕ ಬೇಕು. ಬರವಣಿಗೆಗೆ ಇರುವುದು 75 ನಿಮಿಷ. ಮಾತಿನ ಅಭ್ಯಾಸದಲ್ಲಿ ಶ್ರೀಮಂತವಾದ ಈ ತರಗತಿ, ಗಡಿಯಾರ ಇಟ್ಟುಕೊಂಡು ಬರೆಯಿಸುವುದರಲ್ಲಿ ಬಡವಾಗಿದೆ. ತಿದ್ದಿದ ಹಾಳೆಗಳು ಮರಳಿ ಬರುವುದೂ ತಡ. ನಾಲ್ಕು ಭಾಗಗಳನ್ನು ಬೇರೆಬೇರೆಯಾಗಿ ಬರೆಯುವ ಅವಕಾಶವಿರುವುದರಿಂದ ಬರವಣಿಗೆಯನ್ನು ಕೊನೆಗೆ ಇಟ್ಟುಕೊಂಡು, ಗಯಟೆ ಸಂಸ್ಥೆಯ ಬೆಂಗಳೂರು ಕೇಂದ್ರವಾದ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಪರೀಕ್ಷೆಗೆ ಹೋಗುವ ಮುನ್ನ ಮಾದರಿ ಪತ್ರಿಕೆಗಳನ್ನು ಮನೆಯಲ್ಲಿ ತಾವೇ ಬರೆದು ನೋಡುವುದು ಒಳ್ಳೆಯದು. ಕೊಠಡಿ ಚಿಕ್ಕದು, ಬೇಸಿಗೆಯಲ್ಲಿ ಸೆಕೆ.

ಸಂಜೆಯ ತಂಡ ಒಂದೇ ಇರುವುದು ಎಲ್ಲಕ್ಕಿಂತ ದೊಡ್ಡ ತೊಂದರೆ. ಮಧ್ಯಾಹ್ನದ ಪಾಳಿ ಬಿದ್ದ ವಾರ ಪಾಠ ತಪ್ಪುತ್ತದೆ, ತಪ್ಪಿದ ಪಾಠದ ಧ್ವನಿಮುದ್ರಣ ಸಿಗುವುದಿಲ್ಲ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುವವರಿಗಾಗಿ ಬೆಳಗಿನ ತಂಡವೊಂದನ್ನು ತೆರೆಯಬೇಕೆಂದು ನಾವು ಕೆಲವರು ಕೇಳಿಕೊಂಡಿದ್ದೇವೆ; ಆರು ಜನ ಸೇರಿದರೆ ಎ1ರಿಂದಲೇ ಆರಂಭಿಸುವುದಾಗಿ ಮೇಡಂ ಒಪ್ಪಿದ್ದಾರೆ.